ಪದಚರ್ಚೆ: ಕೋವಿಯ ‘ಬೋಲ್ಟ್’ಗೆ ಚಿಲಕ ಅನ್ನಬಹುದೇ? ‘ಕೂರುತ್ತೆ’ ಮತ್ತು ‘ಆಗುತ್ತೆ’ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಒಂದು ಅನುವಾದ ಮಾಡುತ್ತಾ ನಾಲ್ಕು ದಿನದಿಂದ ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ವಿಷಯ ಇಷ್ಟು. ಅಮೆರಿಕದಲ್ಲಿ ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ ಟೂ ಟೂ (ನಳಿಗೆಯ ಒಳ ಅಗಲ ಸುಮಾರು 0.22 ಇಂಚು) ರೈಫಲ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಪ್ರತಿ ಸಲ ಪಕ್ಕದ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಮತ್ತೆ ಕೆಳಗೆ ಮಡಚಬೇಕು. ಇದು ಬೋಲ್ಟ್ ಆಕ್ಷನ್. ಇನ್ನೊಂದು ಒಂದು ಈಡು ಹಾರಿದ ಮೇಲೆ ಖಾಲಿ ತೋಟೆಯನ್ನು (ಕಾರ್ಟ್ರಿಜ್) ತಾನೇ ಆಚೆ ಎಸೆದು, ಹೊಸದನ್ನು ತಾನೇ ತುಂಬಿಕೊಳ್ಳುತ್ತದೆ. ಇದು ಸೆಮಿ ಆಟೋಮ್ಯಾಟಿಕ್. ಒಂದರ ಯಾವ ಬಿಡಿಭಾಗ ಇನ್ನೊಂದಕ್ಕೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅನ್ನೋದೇ ಲೇಖನ.

ಮೊದಲ ತೊಡಕು ‘ಬೋಲ್ಟ್’. ಹಿಂದೆ ಒಂದು ಬರಹದಲ್ಲಿ ನಾನು ‘ಬೋಲ್ಟ್ ಹೊರಗೆ ತೆಗೆದು ಒರೆಸಬೇಕು’ ಅಂತ ಬರೆದಿದ್ದೆ. ಓದಿದ ಒಬ್ಬರು, ಎಷ್ಟನೇ ನಂಬರಿನ ಸ್ಪ್ಯಾನರ್ ಬೇಕು ಅಂತ ಕೇಳಿದರು. ಅವರು ಓದಿದ್ದು ಸರಿಯಾಗೇ ಇತ್ತು. ಕನ್ನಡದಲ್ಲಿ ಬೋಲ್ಟು ಅಂದರೆ ನಟ್ಟು ಬೋಲ್ಟಿನ ಬೋಲ್ಟು. ನಳಿಗೆಯ ಹಿಂಬಾಯಿಯನ್ನು ಮುಚ್ಚಿ ಹಿಡಿಯುವ ಉಕ್ಕಿನ ತುಂಡು ಅನ್ನುವ ಅರ್ಥ ಎನ್‌ಸಿಸಿಯಲ್ಲಿ ಫೈರಿಂಗ್ ಮಾಡಿದವರಿಗೆ ಗೊತ್ತು, ಮಿಕ್ಕವರಿಗೆ ಇಲ್ಲ.

ನಮ್ಮ ಕಡೆ ಇದಕ್ಕೆ ಪದ ಯಾಕಿಲ್ಲ ಅಂತ ಯೋಚಿಸಿದೆ. ಮಲೆನಾಡಿನ ನಮ್ಮ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ, ಒಂದು ಜೋಡುನಳಿಗೆ ತೋಟೆ ಕೋವಿ ಇದ್ದವು. ನಳಿಗೆ, ಕುದುರೆ, ಮದ್ದು, ಚರೆ, ಈಡು, ತೋಟೆ ಎಲ್ಲವೂ ದಿನದ ಮಾತಾಗಿದ್ದವು. ಆದರೆ ಕೇಪಿನ ಕೋವಿಗೆ ಮದ್ದು ತುಂಬುವುದು ಮುಂದಿನ ಬಾಯಿಯಿಂದ. ಜೋಡುನಳಿಗೆಯನ್ನು ನಡುವಿನಲ್ಲಿ ಮಡಚಿ ತೋಟೆ ಹಾಕುತ್ತಾರೆ. ಎರಡರಲ್ಲೂ ಬೋಲ್ಟ್ ಅನ್ನೋ ವಸ್ತುವೇ ಇಲ್ಲ. ವಸ್ತು ಮನೆಗೆ ಬರಲಿಲ್ಲ, ಪದವೂ ಹುಟ್ಟಲಿಲ್ಲ.

ಸರಿ, ‘ಚಿಲಕ’ ಅನ್ನೋಣ ಅಂತ ಹೊರಟೆ. ಬೋಲ್ಟ್ ಆಕ್ಷನ್‌ಗೆ ಇದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ಹಳೆ ಮನೆಯ ಬಾಗಿಲಿನ ಕಬ್ಬಿಣದ ಚಿಲಕವನ್ನು ನೆನಪಿಸಿಕೊಳ್ಳಿ. ಸರಳನ್ನು ತಳ್ಳುತ್ತೇವೆ, ಕಿವಿಯನ್ನು ಕೆಳಗೆ ತಿರುಗಿಸುತ್ತೇವೆ, ಆಮೇಲೆ ಅದು ಅಲುಗುವುದಿಲ್ಲ. ರೈಫಲ್‌ನಲ್ಲೂ ಕೈಚಲನೆ ಅದೇ, ಕೆಲಸವೂ ಅದೇ. ಇಂಗ್ಲಿಷಿನಲ್ಲೂ ಬಾಗಿಲ ಚಿಲಕಕ್ಕೆ ಬೋಲ್ಟ್ ಅನ್ನುತ್ತಾರಲ್ವಾ.

ತಾನೇ ತುಂಬಿಕೊಳ್ಳುವ ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ ಈ ಪದ ಕೈಕೊಡುತ್ತದೆ. ಅದರ ಬೋಲ್ಟ್ ಸಾಮಾನ್ಯವಾಗಿ ಯಾವುದಕ್ಕೂ ಸಿಕ್ಕಿಕೊಂಡಿರುವುದಿಲ್ಲ. ಭಾರವಾದ ಉಕ್ಕಿನ ಗಟ್ಟಿ, ಅದರ ಹಿಂದೆ ಸ್ಪ್ರಿಂಗು, ಅಷ್ಟೇ. ತೋಟೆ ಸಿಡಿದ ಒತ್ತಡಕ್ಕೆ ಗಟ್ಟಿ ಹಿಂದಕ್ಕೆ ಹೋಗುತ್ತದೆ, ಸ್ಪ್ರಿಂಗು ಮತ್ತೆ ಮುಂದಕ್ಕೆ ತಳ್ಳುತ್ತದೆ. ಭಾರ ಜಾಸ್ತಿ ಇರುವುದರಿಂದ ಗುಂಡು ನಳಿಗೆ ದಾಟುವವರೆಗೆ ಹಿಂಬಾಯಿ ತೆರೆಯುವುದಿಲ್ಲ. ಆಸ್ಪತ್ರೆಯ ಸ್ಪ್ರಿಂಗ್ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಆದರೆ ಅದಕ್ಕೆ ಚಿಲಕ ಹಾಕಿದೆ ಅಂತ ಯಾರೂ ಹೇಳುವುದಿಲ್ಲ. ಎರಡನ್ನೂ ಚಿಲಕ ಅಂದರೆ, ಒಂದರದ್ದು ಇನ್ನೊಂದಕ್ಕೆ ನಡೆಯುತ್ತದೆ ಅಂತ ಓದುಗ ತಿಳಿದಾನು. ಹೆಸರು ಒಂದೇ ಆದರೂ ಪಕ್ಕಾ ಬೇರೆ ಬೇರೆಯಾದ ಭಾಗ ಅದೇ.

ನನ್ನ ಸಲಹೆ ‘ಬಿರಡೆ’. ಶೀಶೆಯ ಬಾಯಿಗೆ ಹಾಕುವ ಬಿರಡೆ ನಮಗೆ ಗೊತ್ತು. ಬೋಲ್ಟ್ ಕೂಡ ನಳಿಗೆಯ ಹಿಂಬಾಯಿಯ ಬಿರಡೆಯೇ. ಮುಚ್ಚುವ ಕೆಲಸ ಎರಡೂ ರೈಫಲ್‌ಗೆ ಸಮಾನ, ಬಿಗಿಯುವ ಕೆಲಸ ಒಂದಕ್ಕೆ ಮಾತ್ರ. ಹಾಗಾಗಿ ‘ಚಿಲಕದ ಬಿರಡೆ’, ‘ಸ್ಪ್ರಿಂಗ್ ಬಿರಡೆ’ ಅಂತ ಎರಡು ಮಾಡಿಕೊಂಡಿದ್ದೇನೆ. ಬೋಲ್ಟ್ ಆಕ್ಷನ್ ರೈಫಲ್‌ಗೆ ‘ಚಿಲಕದ ಕೋವಿ’. ಇನ್ನೊಂದಕ್ಕೆ ‘ಅರೆಸ್ವಯಂಚಾಲಿತ’ ಅಂತ ಪತ್ರಿಕೆಗಳು ಬರೆಯುತ್ತವೆ. ಅದರಲ್ಲಿ ಯಾವುದು ಅರೆ, ಯಾವುದು ಪೂರ್ತಿ ಅಂತ ಓದುಗನಿಗೆ ತಿಳಿಯುವುದೇ ಇಲ್ಲ. ತುಂಬಿಕೊಳ್ಳುವುದು ತಾನೇ, ಆದರೆ ಒಂದು ಸಲ ಬೆರಳಿನ ಕುದುರೆ (ಟ್ರಿಗರ್) ಎಳೆದರೆ ಒಂದೇ ಈಡು. ‘ತಾನೇ ತುಂಬುವ ಕೋವಿ’ ಅಂದರೆ ನೇರವಾಗಿ ತಿಳಿಯುತ್ತದೆ.

ಈ ರೈಫಲ್‌ಗಳ ತೋಟೆ ‘ರಿಮ್‌ಫೈರ್’ ಅನ್ನುವ ಬಗೆಯದ್ದು. ಅದಕ್ಕೆ ‘ಅಂಚುಕಿಡಿ ತೋಟೆ’ ಅಂತ ಇಟ್ಟಿದ್ದೇನೆ. ಈ ತೋಟೆಯಲ್ಲಿ ಕಿಡಿ ಹತ್ತಿಸುವ ಮದ್ದು ತಳದ ಅಂಚಿನ ಮಡಿಕೆಯೊಳಗೆ ಇರುತ್ತದೆ. ಬಿರಡೆಯೊಳಗಿನ ಸೂಜಿ ಅಂಚಿಗೆ ಬಡಿದು ಅದನ್ನು ಜಜ್ಜುತ್ತದೆ. ಹಾರಿದ ತೋಟೆಯನ್ನು ಬೆಳಕಿಗೆ ಹಿಡಿದರೆ ಅಂಚಿನ ಒಂದು ಕಡೆ ಉಗುರು ಒತ್ತಿದ ಹಾಗೆ ಗುರುತು ಕಾಣುತ್ತದೆ.

ಇನ್ನು ಎರಡನೇ ತೊಡಕು, ನನಗೆ ಇದೇ ಮುಖ್ಯ. ಅದಕ್ಕೂ ಇದಕ್ಕೂ ನಡೆಯುವ ಬಿಡಿಭಾಗಕ್ಕೆ ‘ಪರಸ್ಪರ ವಿನಿಮಯಯೋಗ್ಯ’ ಅಂತ ಕೆಲವರು ಬರೆಯುತ್ತಾರೆ. ಗ್ಯಾರೇಜಿನಲ್ಲಿ ಯಾರೂ ಹಾಗೆ ಹೇಳಲ್ಲ. ‘ಈ ಬೇರಿಂಗು ಅದಕ್ಕೂ ಕೂರುತ್ತೆ’ ಅಂತಾರೆ, ಇಲ್ಲವೇ ‘ಅದಕ್ಕೂ ಆಗುತ್ತೆ’ ಅಂತಾರೆ. ಎರಡೂ ಒಂದೇ ಅಂದುಕೊಂಡಿದ್ದೆ. ಈ ಅನುವಾದ ಮಾಡುವಾಗ ಅಲ್ಲ ಅಂತ ಗೊತ್ತಾಯಿತು.

ಪಾಯಿಂಟ್ ಟೂ ಟೂ ಶಾರ್ಟ್ ಅನ್ನುವ ತೋಟೆ 1857ರದ್ದು. ಈಗ ಎಲ್ಲೆಡೆ ಸಿಗುವ ಲಾಂಗ್ ರೈಫಲ್ ತೋಟೆ 1887ರದ್ದು. ಎರಡರ ಸುತ್ತಳತೆ, ಅಂಚು ಒಂದೇ. ಹಳೆಯದು ಗಿಡ್ಡ, ಅದರ ಬಲವೂ ಕಡಿಮೆ. ಲಾಂಗ್ ರೈಫಲ್‌ಗೆಂದು ಮಾಡಿದ ನಳಿಗೆಯಲ್ಲಿ ಶಾರ್ಟ್ ಕೂರುತ್ತೆ. ಚಿಲಕದ ಕೋವಿಯಲ್ಲಿ ಒಂದೊಂದಾಗಿ ಕೈಯಿಂದ ಹಾಕಿದರೆ ಹಾರುತ್ತದೆ ಕೂಡ. ತಾನೇ ತುಂಬುವ ಕೋವಿಯಲ್ಲಿ ಅದೇ ಶಾರ್ಟ್ ಕೂರುತ್ತೆ, ಆದರೆ ಆಗಲ್ಲ. ಆ ಭಾರದ ಬಿರಡೆಯನ್ನು ಪೂರ್ತಿ ಹಿಂದಕ್ಕೆ ತಳ್ಳುವಷ್ಟು ಶಕ್ತಿ ಅದಕ್ಕಿಲ್ಲ. ಇನ್ನು ಶಾರ್ಟ್‌ಗೆಂದೇ ಕೊರೆದ ನಳಿಗೆಯಲ್ಲಿ ಲಾಂಗ್ ರೈಫಲ್ ಕೂರುವುದೇ ಇಲ್ಲ. ಅಂದರೆ ಇದು ಒಂದು ದಿಕ್ಕಿನದ್ದು. ಇದಕ್ಕೆ ‘ಅದಲುಬದಲು’ ಅನ್ನಲು ಬರುವುದಿಲ್ಲ. ಅದಲುಬದಲು ಅಂದರೆ ಎರಡೂ ಕಡೆಗೆ ನಡೆಯಬೇಕು.

ನಿಜವಾಗಿ ಅದಲುಬದಲು ಆಗುವುದು ತೋಟೆ ತುಂಬಿಡುವ ಮ್ಯಾಗಜೀನ್. ರೂಗರ್ ಕಂಪನಿಯ 10/22 ತಾನೇ ತುಂಬುವ ರೈಫಲ್, 1964ರಲ್ಲಿ ಬಂತು. ಅದರ ಮ್ಯಾಗಜೀನ್ ಹತ್ತು ತೋಟೆ ಹಿಡಿಯುವ, ಒಳಗೆ ಸುತ್ತುವ ಪುಟ್ಟ ಡಬ್ಬಿ. 1983ರಲ್ಲಿ ಅದೇ ಕಂಪನಿ 77/22 ಅನ್ನುವ ಚಿಲಕದ ಕೋವಿ ತಂದಾಗ ಅದೇ ಡಬ್ಬಿಯನ್ನು ಇಟ್ಟುಕೊಂಡಿತು. ಇದರದ್ದು ಅದಕ್ಕೆ, ಅದರದ್ದು ಇದಕ್ಕೆ. ಜೆಕ್ ದೇಶದ ಸಿಝಡ್ 455 ಮತ್ತು 512 ನಡುವೆಯೂ ಹೀಗೇ. ಮರದ ಹಿಡಿ, ಕುದುರೆಯ ಜೋಡಣೆ, ಬಿರಡೆ ಇವೆಲ್ಲ ಬೇರೆ ಬೇರೆ.

ಮ್ಯಾಗಜೀನ್‌ಗೆ ‘ತೋಟೆಗೂಡು’ ಅಂತ ಬರೆಯಬೇಕು ಅನ್ನಿಸುತ್ತಿದೆ, ವಾರಪತ್ರಿಕೆಯ ಜೊತೆ ಗೊಂದಲ ಬೇಡ ಅಂತ. ಆದರೂ ಒಂದು ವಿಷಯ ಹೇಳದೆ ಇರಲಾರೆ. ಮ್ಯಾಗಜೀನ್ ಅರಬ್ಬಿಯಿಂದ ಬಂದ ಮಾತು, ಉಗ್ರಾಣ ಅಂತ ಅರ್ಥ. ನಮ್ಮ ‘ಖಜಾನೆ’ಯೂ ಅದೇ ಬೇರಿನದ್ದು.

ಬಿಡಿಭಾಗ ಅದಲುಬದಲಾಗಬೇಕು ಅನ್ನುವ ಆಸೆ ಮೊದಲು ಮೂಡಿದ ಕೆಲಸಗಳಲ್ಲಿ ಕೋವಿಯದ್ದೂ ಒಂದು. ಫ್ರಾನ್ಸಿನ ಒನೊರೆ ಬ್ಲಾಂಕ್ ಎಂಬ ಕುಶಲಿಗ 1785ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್‌ಗೆ ಐವತ್ತು ‘ಲಾಕ್’ಗಳ ಬಿಚ್ಚಿದ ಭಾಗಗಳನ್ನು ತೋರಿಸಿದ. ಜೆಫರ್ಸನ್ ಕೈಗೆ ಸಿಕ್ಕಿದ್ದನ್ನೆಲ್ಲ ತೆಗೆದು ಜೋಡಿಸಿದರೂ ಸರಿಯಾಗಿ ಕೂತವು. ಇಲ್ಲಿ ‘ಐವತ್ತು ಬೀಗ’ ಅಂತ ಅನುವಾದ ಮಾಡಿದರೆ ಪೂರ್ತಿ ತಪ್ಪು. ಲಾಕ್ ಅಂದರೆ ಕೋವಿಯ ಪಕ್ಕದಲ್ಲಿ ಬಡಿಯುವ ಕುದುರೆ, ಸ್ಪ್ರಿಂಗು, ಕಿಡಿಕಲ್ಲು ಇರುವ ಸಾಧನ. ಸದ್ಯಕ್ಕೆ ‘ಕಿಡಿಯಂತ್ರ’ ಅಂತ ಬರೆದಿದ್ದೇನೆ, ನನಗೇ ತೃಪ್ತಿಯಿಲ್ಲ.

ನಿಮ್ಮಿಂದ ಮೂರು ಮಾತು ಬೇಕು. ‘ಕೂರುತ್ತೆ’, ‘ಆಗುತ್ತೆ’ ಎರಡನ್ನೂ ನಾನು ಹೇಳಿದ ಹಾಗೆ ಬೇರೆ ಮಾಡಿ ಬಳಸುತ್ತೀರಾ? ‘ಕುದುರೆ’ ಅಂದರೆ ನಿಮ್ಮಲ್ಲಿ ಬೆರಳಿನಿಂದ ಎಳೆಯುವ ಭಾಗವೋ, ಮೇಲೆ ಎತ್ತಿ ನಿಲ್ಲಿಸುವ ಬಡಿಗೆಯೋ? ನಮ್ಮ ಅಜ್ಜನಿಗೆ ಅದು ಮೇಲಿನದ್ದು, ಪತ್ರಿಕೆಗಳಿಗೆ ಬೆರಳಿನದ್ದು. ಕೊಡಗಿನವರು ಮುಖ್ಯವಾಗಿ ಹೇಳಬೇಕು. ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ (ಕೋವಿ) ಇಟ್ಟು ಪೂಜೆ ಮಾಡುವ ಮನೆಗಳಲ್ಲಿ ರೈಫಲ್ ಇದ್ದರೆ, ಅದರ ಬೋಲ್ಟ್‌ಗೆ ಹಿರಿಯರು ಏನಂತಿದ್ದರು? ಕೊಡವ ತಕ್ಕ್‌ನ ಪದವಾದರೂ ಸರಿ, ಯಾವ ಊರಿನದ್ದು ಅಂತ ಸೇರಿಸಿ ಬರೆಯಿರಿ.