ಹಲಗೆ ಸಂಡಿಗೆ

ಮೇ ತಿಂಗಳ ಕೊನೆ, ರಾತ್ರಿ ಒಂಬತ್ತು ಗಂಟೆ. ಅಮೆರಿಕದ ಅರಿಜೋನಾದ ಚಾಂಡ್ಲರ್‌ನಲ್ಲಿ ಗೌಡನ ಮನೆಯ ಹಿತ್ತಲು. ಸೂರ್ಯ ಮುಳುಗಿ ಒಂದೂವರೆ ಗಂಟೆಯಾಗಿತ್ತು. ಕಬ್ಬಿಣದ ಕುರ್ಚಿ ಮಾತ್ರ ಇನ್ನೂ ಅದನ್ನು ಒಪ್ಪಿರಲಿಲ್ಲ. ಎದುರಿಗೆ ಒಂದು ಬೇಸಿನ್ ತುಂಬ ಮಂಡಕ್ಕಿ ಒಗ್ಗರಣೆ. ಕೂತವರು ನಾಲ್ವರು: ಮಂಡ್ಯದ ಗೌಡ, ವಿಜಯಪುರದ ಪಾಟೀಲ, ಶಿರಸಿಯ ಭಟ್ಟರು, ಮತ್ತೆ ಮಂಡಕ್ಕಿಗೆ ಅಂತಲೇ ಬಂದ ನಾನು.

"ಬೇಲಿ ಹಾಕ್ತೀನಿ ಕಣ್ರೋ," ಎಂದ ಗೌಡ. "ಮರದ್ದು. ಆರಡಿ ಎತ್ತರ. ಆಚೆಯವರಿಗೆ ಈಚೆ ಕಾಣಬಾರದು."

ಪಾಟೀಲನ ಕೈ ಬಾಯಿಯ ಹತ್ತಿರ ಹೋಗಿ ನಿಂತಿತು. "ಊರಿಗೆ ಊರೇ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿಕೊಂಡು ಕೂತಿದೆ. ನಿನಗೊಬ್ಬನಿಗೆ ಮರ ಯಾಕೋ?"

"ಗೋಡೆಗೆ ಹೇಳಿದ ರೇಟು ಕೇಳಿದರೆ ನಿನಗೂ ಮರವೇ ಬೇಕು ಅನ್ಸುತ್ತೆ. ಮರವಾದರೆ ನಾವೇ ಹೊಡೀಬಹುದು."

'ನಾವೇ' ಅನ್ನುವ ಮಾತು ಬಿದ್ದ ಕೂಡಲೇ ಮೂವರೂ ಬೇಸಿನ್ ಕಡೆ ನೋಡಿದೆವು. ಅದು ಸುಮ್ನೆ ಬಂದ ಮಂಡಕ್ಕಿ ಅಲ್ಲ ಅಂತ ಆಗ ಗೊತ್ತಾಯಿತು.

ಅಸಲಿ ಕಾರಣ ಬೇರೆ ಇತ್ತು. ಗೌಡನ ಅತ್ತೆ ಚಳ್ಳಕೆರೆಯಿಂದ ಬಂದಿದ್ದರು. ಬಂದ ಮೂರನೇ ದಿನ ಹಿತ್ತಲಿನ ಬಿಸಿಲು ನೋಡಿ, "ಇಂಥಾ ಬಿಸಿಲನ್ನ ದಂಡ ಮಾಡ್ತಿದ್ದೀರಲ್ಲ!" ಎಂದು ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟೇಬಿಟ್ಟರು. ಊರಲ್ಲಿ ಎರಡು ದಿನ ಒಣಗಬೇಕಾದ್ದು ಇಲ್ಲಿ ಮಧ್ಯಾಹ್ನಕ್ಕೆಲ್ಲ ಗಲಗಲ. ಹಿಂದಿನ ಮನೆಗೂ ಇವರಿಗೂ ನಡುವೆ ಇದ್ದದ್ದು ಬರೀ ತಂತಿ ಜಾಲರಿ. ಆಚೆ ಮನೆಯ ತಾತ ದಿನಾ ಬಂದು ನಿಂತು ನೋಡುತ್ತಿದ್ದ. ಒಂದು ದಿನ ಕೇಳಿಯೇ ಬಿಟ್ಟನಂತೆ, ಬಟ್ಟೆಯ ಮೇಲೆ ಬರೆಯುತ್ತಿರುವುದು ಯಾವ ಲಿಪಿ ಅಂತ.

"ಅಮ್ಮನಿಗೆ ಮುಜುಗರ ಆಗುತ್ತೆ," ಎಂದಳು ಗೌಡನ ಹೆಂಡತಿ.

ಒಳಗಿನಿಂದ ಅಮ್ಮನ ದನಿ ಬಂತು. "ನನಗೇನಿಲ್ಲಪ್ಪ. ಪಾಪ, ಕೇಳಿದ ಅಷ್ಟೆ."

ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭಟ್ಟರು ಆಗಲೇ ಕುರ್ಚಿಯ ತುದಿಗೆ ಬಂದಿದ್ದರು. ಮರದ ವಿಷಯ ಬಂದರೆ ಅವರು ಒರಗಿ ಕೂರುವುದಿಲ್ಲ. "ನಮ್ಮ ಕಡೆ ಅಡಿಕೆ ದಬ್ಬೆ ಬೇಲಿ, ಬಿದಿರಿನ ದಣಪೆ. ನಾಲ್ಕು ಮಳೆಗಾಲ ಕಂಡರೆ ಮಣ್ಣು. ಇಲ್ಲಿ ವರ್ಷಕ್ಕೆಲ್ಲ ಸೇರಿ ಏಳು ಇಂಚು ಮಳೆ. ಶಿರಸಿಯ ಜುಲೈನಲ್ಲಿ ಅದು ಒಂದು ವಾರಕ್ಕೂ ಸಾಲೋದಿಲ್ಲ."

"ಹಾಗಾದರೆ ಇಲ್ಲಿ ಮರ ನೂರು ವರ್ಷ ಬಾಳಬೇಕಲ್ವಾ?" ಎಂದೆ.

"ಮಳೆ ಮರವನ್ನ ಕೊಳೆಸುತ್ತೆ, ಬಿಸಿಲು ಹಿಂಡುತ್ತೆ. ಈ ಗಾಳಿ ನಿಮ್ಮ ತುಟಿಯನ್ನೇ ಬಿಟ್ಟಿಲ್ಲ, ಹಲಗೆಯನ್ನ ಬಿಡುತ್ತಾ? ಹಲಗೆ ಉದ್ದಕ್ಕೆ ಕುಗ್ಗೋದಿಲ್ಲ. ಅಗಲಕ್ಕೆ ಕುಗ್ಗುತ್ತೆ. ಇವತ್ತು ಒತ್ತೊತ್ತಾಗಿ ಹೊಡೆದರೆ ತಿಂಗಳಲ್ಲಿ ಸಂದು ಬಿಡುತ್ತೆ."

ಪಾಟೀಲ ಫೋನ್ ತೆಗೆದು ಲೆಕ್ಕ ಹಾಕಿದ. ಬೇಲಿ 64 ಅಡಿ. ಒಂದು ಹಲಗೆ ಐದೂವರೆ ಇಂಚು ಅಗಲ. ಸುಮಾರು 140 ಹಲಗೆ. ಒಂದೊಂದೂ ಇಂಚಿನ ಎಂಟನೇ ಒಂದು ಭಾಗ ಕುಗ್ಗಿದರೂ ಒಟ್ಟು ಹದಿನೇಳೂವರೆ ಇಂಚು.

"ನೋಡಪ್ಪ, ಒಂದು ಮೇಕೆ ಆರಾಮಾಗಿ ನುಗ್ಗುತ್ತೆ."

"ಎಲ್ಲಾ ಒಂದೇ ಕಡೆ ಅಲ್ವಲ್ಲೋ! ಚೂರು ಚೂರು."

"ಮೇಕೇನೂ ಚೂರು ಚೂರಾಗಿ ನುಗ್ಗುತ್ತೆ ಬಿಡು."

ಆಮೇಲೆ ಗೆದ್ದಲಿನ ಮಾತು ಬಂತು. ಮರುಭೂಮಿಯಲ್ಲಿ ಗೆದ್ದಲು ಇರುವುದಿಲ್ಲ ಅಂತ ನಾನು ತಿಳಿದಿದ್ದೆ. ಇಲ್ಲಿಯವರು ಹೇಳುವುದೇ ಬೇರೆ: ಈ ಊರಲ್ಲಿ ಎರಡೇ ಬಗೆ ಮನೆ, ಗೆದ್ದಲು ಬಂದ ಮನೆ ಮತ್ತು ಬರಲಿರುವ ಮನೆ. ಬೇಲಿಯೇ ಎದ್ದು ಹೊಲ ಮೇಯುವುದು ನಮ್ಮೂರ ಕಥೆ. ಇಲ್ಲಿ ಹೊಲವೇ ಎದ್ದು ಬೇಲಿ ಮೇಯುತ್ತದೆ. ಅದಕ್ಕೇ ಕಂಬ ಕಬ್ಬಿಣದ್ದು ಹಾಕು, ಹಲಗೆಯ ಕಾಲು ನೆಲದಿಂದ ಎರಡಿಂಚು ಮೇಲಿರಲಿ ಎಂದರು ಭಟ್ಟರು.

ಈಗ ಅಮ್ಮನೇ ಹೊರಗೆ ಬಂದರು. "ಅಳಿಯಂದ್ರೇ, ಇಷ್ಟೆಲ್ಲ ಯಾಕೆ? ಬದುವಿಗೆ ಒಂದು ಸಾಲು ಕತ್ತಾಳೆ ಹಚ್ಚಿ. ದನಾನೂ ನುಗ್ಗಲ್ಲ."

ಗೌಡನ ಹೆಂಡತಿ ಮುಖ ಆಚೆ ತಿರುಗಿಸಿದಳು. ಮನೆಮುಂದೆ ಇರುವ ಮೂರು ಕತ್ತಾಳೆಯನ್ನು ನರ್ಸರಿಯಿಂದ ದುಡ್ಡು ಕೊಟ್ಟು ತಂದದ್ದು ಅಮ್ಮನಿಗೆ ಇನ್ನೂ ಗೊತ್ತಿರಲಿಲ್ಲ. ಪಾಟೀಲನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಹೇಳಿಬಿಟ್ಟ.

"ಕತ್ತಾಳೆಗೆ ದುಡ್ಡಾ?" ಅಮ್ಮ ಅಲ್ಲೇ ಕೂತುಬಿಟ್ಟರು.

"ಅಮ್ಮಾ, ಕತ್ತಾಳೆ ಮೊದಲು ಈ ಕಡೆಯದ್ದೇ," ಎಂದು ಭಟ್ಟರು ಸಮಾಧಾನ ಹೇಳಿದರು. "ಮೆಕ್ಸಿಕೋ ಕಡೆಯಿಂದ ನಮ್ಮ ಬದುವಿಗೆ ಬಂದಿದ್ದು. ಅಷ್ಟೇ ಅಲ್ಲ, ಈಗ ನಮ್ಮ ತಲೆ ಮೇಲಿರೋ ಮರ ಯಾವುದು ಹೇಳಿ?"

ಎಲ್ಲರೂ ಕತ್ತೆತ್ತಿದೆವು. ಸಣ್ಣ ಎಲೆ, ಒರಟು ತೊಗಟೆ. ಗೌಡ ಹೆಮ್ಮೆಯಿಂದ 'ಮೆಸ್ಕೀಟ್' ಎಂದ.

"ಬಳ್ಳಾರಿ ಜಾಲಿಯ ದಾಯಾದಿ ಅದು."

ಪಾಟೀಲ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡ. ಅವರ ಹೊಲದಲ್ಲಿ ಅದನ್ನು ಕೀಳಿಸಲು ಅವರಪ್ಪ ಎರಡು ಸಲ ಜೆಸಿಬಿ ತರಿಸಿದ್ದರಂತೆ. ಇಲ್ಲಿ ಗೌಡ ಅದರ ಬುಡಕ್ಕೆ ಹನಿ ನೀರಾವರಿ ಮಾಡಿಸಿದ್ದಾನೆ. ವರ್ಷಕ್ಕೊಮ್ಮೆ ಕ್ಷೌರ ಬೇರೆ.

ಇಲ್ಲಿಯವರಿಗೆ ತಮ್ಮದೇ ಒಂದು ಬೇಲಿ ಉಂಟು, ಅದನ್ನೂ ಭಟ್ಟರೇ ಹೇಳಿದರು. ಓಕೊಟೀಯೊ ಅಂತ ಒಂದು ಮುಳ್ಳುಗಿಡ. ಅದರ ಕೋಲುಗಳನ್ನು ತಂತಿಯಲ್ಲಿ ಸಾಲಾಗಿ ಕಟ್ಟಿ ನೆಲಕ್ಕೆ ಊರುತ್ತಾರೆ. ಒಣಗಿದ ಸೌದೆಯ ಹಾಗೆ ಕಾಣುತ್ತದೆ. ಆದರೆ ಬೇರು ಬಿಟ್ಟುಕೊಳ್ಳುತ್ತದೆ, ಮಳೆ ಬಿದ್ದರೆ ಎಲೆ ಚಿಗುರುತ್ತದೆ, ತುದಿಗೆ ಕೆಂಪು ಹೂವು.

"ಅದನ್ನೇ ಹಾಕ್ರಪ್ಪ," ಎಂದರು ಅಮ್ಮ. ನನಗೂ ಅದೇ ಸರಿ ಅನ್ನಿಸಿತು. ಆದರೆ ಗೌಡನಿಗೆ ಸಂದಿಲ್ಲದ ಬೇಲಿ ಬೇಕು. ನವೆಂಬರ್‌ವರೆಗೆ ಕಾಯಿರಿ, ತಂಪಲ್ಲಿ ಕೆಲಸ ಸಲೀಸು ಎಂದು ಭಟ್ಟರು ಹೇಳಿದ್ದೂ ಅವನಿಗೆ ರುಚಿಸಲಿಲ್ಲ. ಮಂಡಕ್ಕಿ ಮುಗಿದಿತ್ತು. ನಾವು ಸಿಕ್ಕಿಬಿದ್ದಿದ್ದೆವು.

ಇಲ್ಲಿ ನೆಲ ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ ಹೇಳಬೇಕು. ಕಡೇಪಕ್ಷ ಎರಡು ಕೆಲಸದ ದಿನ ಮುಂಚೆ. ಅವರ ಜನ ಬಂದು ನೆಲದ ಕೆಳಗೆ ಏನೇನಿದೆ ಅಂತ ಬಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರೆ. ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ನೀರಿಗೆ ನೀಲಿ. ಬೆಳಿಗ್ಗೆ ಎದ್ದ ಅಮ್ಮ ಹಿತ್ತಲು ನೋಡಿ, "ಯಾರೋ ರಂಗೋಲಿ ಶುರು ಮಾಡಿ ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ," ಎಂದು ಮಗಳನ್ನು ಕರೆದರಂತೆ. ಅವರು ಗುರುತಿಸದ ಪೈಪು ಒಂದಿತ್ತು. ಗೌಡನೇ ಹಾಕಿದ ಹನಿ ನೀರಾವರಿ ಪೈಪು. ಮೊದಲ ಏಟಿಗೆ ಪಾಟೀಲ ಅದನ್ನು ತುಂಡರಿಸಿದ. ಜಾಲಿಯ ಮೇಲಿನ ಹಳೇ ಸಿಟ್ಟೇ ಇರಬೇಕು.

ಬೆಳಗಿನ ನಾಲ್ಕೂವರೆಗೆ ಶುರು. ಅಮೆರಿಕದ ಹೆಚ್ಚಿನ ಕಡೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅರಿಜೋನಾದ ಬಹುಪಾಲು ತಿರುಗಿಸುವುದಿಲ್ಲ. ಸಂಜೆಗೆ ಇನ್ನೊಂದು ಗಂಟೆ ಬಿಸಿಲು ಯಾರಿಗೆ ಬೇಕು? ಪಕ್ಕದ ಫೀನಿಕ್ಸ್ 1990ರ ಜೂನ್ 26ರಂದು 50 ಡಿಗ್ರಿ ಕಂಡ ಊರು. 2023ರಲ್ಲಿ ಸತತ 31 ದಿನ ಹಗಲಿನ ಬಿಸಿ 43 ದಾಟಿತ್ತು.

ಒಂದಡಿ ತೋಡುವಷ್ಟರಲ್ಲಿ ಹಾರೆ ಟಣ್ ಎಂದಿತು. ಕಲೀಚಿ. ಮಣ್ಣು, ಜಲ್ಲಿ, ಸುಣ್ಣ ಎಲ್ಲಾ ಒಂದಕ್ಕೊಂದು ಕಚ್ಚಿಕೊಂಡು ಆದ ಪದರ. ಪ್ರಕೃತಿಯೇ ಹಾಕಿದ ಕಾಂಕ್ರೀಟು. ರಾತ್ರಿ ನೀರು ತುಂಬಿಸಿಟ್ಟು ನೋಡಿದೆವು, ಸ್ವಲ್ಪ ಮೆತ್ತಗಾಯಿತು. ಕೊನೆಗೆ ಬಾಡಿಗೆ ಬ್ರೇಕರ್ ಮೆಷಿನ್ ತಂದೆವು. ಎಂಟು ಅಡಿಗೊಂದರಂತೆ ಒಂಬತ್ತು ಗುಂಡಿ, ಒಂದೊಂದೂ ಎರಡಡಿ.

"ಅಲ್ಲ ಗೌಡ," ಎಂದ ಪಾಟೀಲ, ಬೆವರು ಕೂಡ ಬಾರದ ಹಣೆ ಒರೆಸಿಕೊಳ್ಳುತ್ತಾ. ಇಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. "ಕಾಂಕ್ರೀಟ್ ಒಡೆದು ಗುಂಡಿ ಮಾಡಿದ್ವಿ. ಈಗ ಗುಂಡಿಗೆ ಕಾಂಕ್ರೀಟ್ ಸುರೀತಿದ್ದೀವಿ. ಇದರಲ್ಲಿ ನಮಗೆ ಬಂದಿದ್ದೇನು?"

"ಕಂಬ," ಎಂದ ಗೌಡ.

ಕಾಂಕ್ರೀಟಿನದ್ದೂ ಅವಸರವೇ. ಗುಂಡಿಯ ಗೋಡೆ ನೆನೆಸದೆ ಸುರಿದರೆ ಒಣಮಣ್ಣು ನೀರನ್ನೆಲ್ಲ ಕುಡಿದುಬಿಡುತ್ತದೆ. ಕಂಬ ನೆಟ್ಟಗೆ ಹಿಡಿಯುವಷ್ಟರಲ್ಲಿ ಗಟ್ಟಿ. ಮೂರನೆಯ ಕಂಬ ಇವತ್ತಿಗೂ ತಾತನ ಮನೆ ಕಡೆ ತುಸು ಬಾಗಿ ನಮಸ್ಕಾರ ಮಾಡುತ್ತಿದೆ. ಅದು ನಾನು ಹಿಡಿದ ಕಂಬ. ಹತ್ತು ಗಂಟೆಗೆ ಪಾಟೀಲ ಸ್ಕ್ರೂ ಡಬ್ಬಿಗೆ ಕೈ ಹಾಕಿ, ಬಜ್ಜಿಯ ಬಾಣಲೆಗೆ ಹಾಕಿದವನ ಹಾಗೆ ಎಳೆದುಕೊಂಡ. ಅಲ್ಲಿಗೆ ಅವತ್ತಿನ ಕೆಲಸ ಮುಗಿಯಿತು.

ಮರುವಾರ ಹಲಗೆ ಬಂತು. ಸೀಡರ್. ಅದಕ್ಕೂ ದೇವದಾರಿಗೂ ನೆಂಟಸ್ತನ ಹೆಸರಲ್ಲಿ ಮಾತ್ರ ಅಂತ ಭಟ್ಟರು ಮೂಸಿ ನೋಡಿ ಹೇಳಿದರು. ಗೌಡ ತಡೆಯಲಾರದೆ ಪಡುವಣ ತುದಿಯ ಮೊದಲ ಅಂಕಣಕ್ಕೆ 17 ಹಲಗೆ ಹೊಡೆದೇಬಿಟ್ಟ. ಆಗ ಅಮ್ಮ ಬಂದು ಮಿಕ್ಕ ಹಲಗೆಯ ರಾಶಿಯ ಮೇಲೆ ಅಂಗೈ ಇಟ್ಟರು.

"ತಣ್ಣಗಿದೆ. ಒಳಗೆ ಇನ್ನೂ ಹಸಿ."

"ಬಿಸಿಲಲ್ಲಿ ಒಂದು ದಿನ ಹರವಿದರೆ ಆಯ್ತಲ್ವಾ ಅತ್ತೆ?"

"ಸಂಡಿಗೆಗೂ ಹಲಗೆಗೂ ಅಷ್ಟೂ ವ್ಯತ್ಯಾಸ ಗೊತ್ತಿಲ್ವಾ? ಸಂಡಿಗೆ ಸೊಟ್ಟಗಾದ್ರೆ ಚೆಂದ. ಇದು ಸೊಟ್ಟಗಾದ್ರೆ ಏನು ಮಾಡ್ತೀರಿ, ಕರೀತೀರಾ? ಮೇಲ್ಗಡೆ ಒಣಗಿ ಕೆಳಗಡೆ ಹಸಿ ಉಳಿದರೆ ದೊಪ್ಪೆ ಥರಾ ಬಾಗುತ್ತೆ. ನೆರಳಲ್ಲಿ ಒಣಗಿಸಿ. ನಡುನಡುವೆ ಕಡ್ಡಿ ಇಟ್ಟು ಪೇರಿಸಿ, ಎರಡೂ ಮಗ್ಗುಲಿಗೆ ಗಾಳಿಯಾಡಲಿ."

ಗೌಡ ವಿಡಿಯೊಗಳನ್ನು ನೋಡುತ್ತಾ ಎರಡು ವಾರ ಕಳೆದಿದ್ದ. ಅಮ್ಮ ಅರ್ಧ ನಿಮಿಷದಲ್ಲಿ ಮುಗಿಸಿದರು. ಭಟ್ಟರು ಮಾತಾಡದೆ ಕಡ್ಡಿ ಹುಡುಕಲು ಹೋದರು. ಅವರನ್ನು ಅಷ್ಟು ವಿನಯದಲ್ಲಿ ನಾನು ಕಂಡಿದ್ದು ಅದೇ ಮೊದಲು. ಗ್ಯಾರೇಜಿನ ನೆರಳಲ್ಲಿ ಹಲಗೆ ಎರಡು ವಾರ ಒಣಗಿತು.

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಹಲಗೆಗೆ ಕಡ್ಲೆಕಾಯಿ ಎಣ್ಣೆ ಹಚ್ಚಿ ಅಂತ ಅಮ್ಮ ಹೇಳಿದ್ದನ್ನು ಮಾತ್ರ ಭಟ್ಟರು ಒಪ್ಪಲಿಲ್ಲ. ಅದು ಆರುವುದಿಲ್ಲ, ಜಿಗುಟು ಉಳಿದು ಧೂಳು ಹಿಡಿಯುತ್ತೆ. ಆರುವುದು ಅಗಸೆ ಎಣ್ಣೆ. ಅದಕ್ಕೂ ಬಣ್ಣ ಸೇರಿದ್ದರೇ ಬಿಸಿಲು ತಡೆಯುವುದು, ಬರೀ ಎಣ್ಣೆಯಾದರೆ ಹಲಗೆ ಬೇಗ ಬೂದಿ ಬಣ್ಣಕ್ಕೆ ತಿರುಗುತ್ತೆ. "ಇನ್ನೊಂದು. ಈ ಎಣ್ಣೆ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ತಾನಾಗೇ ಕಾವೇರಿ ಹೊತ್ತಿಕೊಳ್ಳುತ್ತೆ."

ಮುದ್ದೆ, ಕಾವೇರಿ ಎರಡೂ ಒಟ್ಟಿಗೆ ಕೇಳಿ ಮಂಡ್ಯದವನು ತಿರುಗಿ ನೋಡಿದ. ಬಟ್ಟೆಗಳನ್ನು ಬಿಡಿಸಿ ಹಗ್ಗದ ಮೇಲೆ ಹರವಿದೆವು.

ದೊಡ್ಡ ಜಗಳ ನಡೆದದ್ದು ಮುಖದ ಬಗ್ಗೆ. ಬೇಲಿಯ ಚೆಂದದ ಮುಖ ಪಕ್ಕದವರ ಕಡೆ ಇರಬೇಕು, ಅಡ್ಡಪಟ್ಟಿ ನಮ್ಮ ಕಡೆ. ಇಲ್ಲಿಯ ರೂಢಿ ಅದು. "ದುಡ್ಡು ನಮ್ಮದು, ಮುಖ ಅವರಿಗಾ?" ಎಂದಳು ಗೌಡನ ಹೆಂಡತಿ. ಅಮ್ಮ ಅಡ್ಡಪಟ್ಟಿ ನೋಡಿದರು. ಸಂಡಿಗೆಯ ಪಂಚೆ ಕಟ್ಟಲು ಒಳ್ಳೆ ಅನುಕೂಲ ಎಂದರು. ಜಗಳ ಅಲ್ಲಿಗೇ ನಿಂತಿತು.

ಜುಲೈನಲ್ಲಿ ಧೂಳಿನ ಬಿರುಗಾಳಿ ಬಂತು. ಆಕಾಶದಷ್ಟೆತ್ತರ ಕಂದು ಗೋಡೆ ನಡೆದು ಬಂದ ಹಾಗೆ. ಬೇಲಿ ನಿಂತಿತು. ನೆರಳಲ್ಲಿ ಒಣಗಿದ ಏಳು ಅಂಕಣದಲ್ಲಿ ಕಣ್ಣಿಗೆ ಕಾಣುವ ಸಂದಿಲ್ಲ. ಗೌಡ ಅವಸರಕ್ಕೆ ಹೊಡೆದ ಮೊದಲ ಅಂಕಣದಲ್ಲಿ ಮಾತ್ರ ಕಾಲಿಂಚು ಸಂದು, ಗಾಳಿಗೆ ಶಿಳ್ಳೆ ಬೇರೆ ಹೊಡೆಯುತ್ತದೆ.

ತಾತ ಈಗ ಬೆಳಿಗ್ಗೆ ಬಂದು ಆ ಅಂಕಣಕ್ಕೇ ತಟ್ಟುತ್ತಾನೆ. ಸಂಡಿಗೆ ಆ ಸಂದಿನಲ್ಲಿ ತೂರುವುದಿಲ್ಲ, ಮುರಿಯುತ್ತದೆ. ಹಪ್ಪಳ ತೂರುತ್ತದೆ. ಹಾಗಾಗಿ ಅಮ್ಮ ಸಂಡಿಗೆ ಬಿಟ್ಟು ಉದ್ದಿನ ಹಪ್ಪಳಕ್ಕೆ ಇಳಿದಿದ್ದಾರೆ. ಸಂದಿಗೆ ಪಟ್ಟಿ ಹೊಡೆಯುತ್ತೇನೆ ಎಂದು ಗೌಡ ಎರಡು ಸಲ ಸುತ್ತಿಗೆ ತೆಗೆದ. ಎರಡು ಸಲವೂ ಸುತ್ತಿಗೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅಡುಗೆಮನೆಯಲ್ಲಿ ಬೆಲ್ಲ ಕುಟ್ಟುವ ಸದ್ದು ಮಾತ್ರ ಕೇಳುತ್ತಿತ್ತಂತೆ.