ಪಕ್ಕದ ರಬ್ಬರ್ ತೋಟದ ಬಳ್ಳಿ ನಮ್ಮ ಬೇಲಿ ಮುರಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ (ಸುಳ್ಯ ಕಡೆಯ ಅಡಿಕೆ ಕೃಷಿಕರು, ಮಾರ್ಚ್ ಕೊನೆ)

ನಮಸ್ಕಾರ ಸರ್. ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಮೇಲಿನ ಗುಡ್ಡದಲ್ಲಿ ನೆರೆಯವರ ರಬ್ಬರ್ ಇದೆ. ನಾಲ್ಕು ವರ್ಷದ ಹಿಂದೆ ಅವರು ಹಳೆ ಮರ ಕಡಿದು ಹೊಸ ಗಿಡ ಹಾಕಿದರು. ಆಗಲೇ ನೆಲ ಮುಚ್ಚಲು ಒಂದು ಬಳ್ಳಿಯನ್ನೂ ಬಿಟ್ಟರು. ಮೂರು ಮೂರು ಎಲೆ ಒಟ್ಟಿಗೆ ಇರುತ್ತದೆ, ಒಂದೊಂದೂ ಅಂಗೈಯಷ್ಟು ದೊಡ್ಡದು, ಕಡು ಹಸಿರು. ಈಗ ಅದು ಗುಡ್ಡ ತುಂಬಿ ನಮ್ಮ ಬೇಲಿಗೆ ಬಂದಿದೆ.

ನಮ್ಮದು ಮುಳ್ಳುತಂತಿ ಬೇಲಿ. ಅದರ ಒಳಬದಿಯಲ್ಲಿ ಹಂದಿಗೆ ಅಂತ ಸೋಲಾರ್ ಬೇಲಿಯ ಎರಡು ತಂತಿ ಎಳೆದಿದ್ದೇವೆ. ಕಳೆದ ಮಳೆಗಾಲದಲ್ಲಿ ಬಳ್ಳಿಯ ಭಾರಕ್ಕೆ ಗ್ಲಿರಿಸಿಡಿಯಾ ಗೂಟಗಳು ವಾಲಿದವು. ಎರಡು ಕಲ್ಲುಕಂಬ ಬಿದ್ದವು. ಸೋಲಾರ್ ತಂತಿಯಲ್ಲಿ ಶಾಕೇ ಇಲ್ಲದ ಹಾಗೆ ಆಯಿತು. ಹಂದಿ ನುಗ್ಗಿ ಬಾಳೆ, ಮರಗೆಣಸು ಎರಡೂ ಹೋಯಿತು. ಬೇಲಿ ಬದಿಯ ಎಂಟು ಅಡಿಕೆ ಮರದ ತಲೆಗೂ ಬಳ್ಳಿ ಏರಿದೆ. ಕೊಳೆರೋಗಕ್ಕೆ ಬೋರ್ಡೋ ಔಷಧಿ ಬಿಡಲು ಬಂದವರು ಆ ಮರ ಹತ್ತುವುದಿಲ್ಲ ಅಂದರು.

ನೆರೆಯವರು ಊರಲ್ಲಿ ಇಲ್ಲ. ಫೋನ್ ಮಾಡಿದರೆ "ಕೆಲಸದವರಿಗೆ ಹೇಳ್ತೇನೆ" ಅಂತಾರೆ. ಒಳ್ಳೆಯವರೇ, ಜಗಳ ಬೇಡ. ಹದಿನೈದು ದಿನಕ್ಕೊಮ್ಮೆ ನಾವೇ ಕಡಿಯುತ್ತೇವೆ, ಮತ್ತೆ ಬರುತ್ತದೆ. ಮನೆಯವರು ಕಳೆನಾಶಕ ಹೊಡೆದುಬಿಡೋಣ ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ದಾರಿ ಹೇಳಿ.

ಉತ್ತರ (ತೋಟಗಾರಿಕೆ ಸಲಹೆಗಾರರು)

ನಮಸ್ಕಾರ ಅಮ್ಮ. ನಿಮ್ಮ ಫೋಟೋ ನೋಡಿದೆ. ಇದು ಮ್ಯೂಕುನಾ ಬ್ರಾಕ್ಟಿಯೇಟಾ. ತ್ರಿಪುರದ ಕಾಡಿನ ಬಳ್ಳಿ. ಅಲ್ಲಿಂದ ಕೇರಳದ ರಬ್ಬರ್ ತೋಟಗಳಿಗೆ ಬಂತು, ಕೇರಳದಿಂದ ನಮ್ಮ ಕಡೆಗೆ. ನಮ್ಮ ನಸುಗುನ್ನಿಯ ಹತ್ತಿರದ ಸಂಬಂಧಿ.

ನೆರೆಯವರು ಇದನ್ನು ಯಾಕೆ ಹಾಕಿದರು ಅಂತ ಮೊದಲು ತಿಳಿದುಕೊಳ್ಳಿ. ಮಾತಾಡುವಾಗ ಅದು ಉಪಯೋಗಕ್ಕೆ ಬರುತ್ತದೆ. ಹೊಸ ರಬ್ಬರ್ ಗಿಡ ಹಾಕಿದ ಗುಡ್ಡ ಬೋಳಾಗಿದ್ದರೆ ಒಂದೇ ಮಳೆಗಾಲದಲ್ಲಿ ಮೇಲ್ಮಣ್ಣು ಕೆಳಗೆ ಬರುತ್ತದೆ. ಬರುವುದು ಎಲ್ಲಿಗೆ? ನಿಮ್ಮ ತೋಟದ ಕಣಿಗೆ (ಬಸಿಗಾಲುವೆಗೆ). ಮ್ಯೂಕುನಾ ಆ ಮಣ್ಣನ್ನು ಹಿಡಿಯುತ್ತದೆ. ದ್ವಿದಳ ಜಾತಿಯಾದ್ದರಿಂದ ಗಾಳಿಯ ಸಾರಜನಕವನ್ನೂ ಮಣ್ಣಿಗೆ ಸೇರಿಸುತ್ತದೆ. ಬೇರೆ ಕಳೆ ಏಳಲು ಬಿಡುವುದಿಲ್ಲ. ಅಂದರೆ ಅವರು ತಪ್ಪು ಬೆಳೆ ಹಾಕಿಲ್ಲ. ಅದನ್ನು ಅಂಚಿನಲ್ಲಿ ತಡೆಯಲಿಲ್ಲ, ಅಷ್ಟೇ.

ಮೊದಲೆಲ್ಲ ರಬ್ಬರಿಗೆ ಪ್ಯೂರೇರಿಯಾ ಅನ್ನುವ ಇನ್ನೊಂದು ಬಳ್ಳಿ ಹಾಕುತ್ತಿದ್ದರು. ರಬ್ಬರ್ ಬೆಳೆದು ನೆರಳು ಕೂಡಿದ ಮೇಲೆ ಅದು ತಾನಾಗಿ ಸೊರಗುತ್ತಿತ್ತು. ಹಸು ತಿನ್ನುತ್ತಿತ್ತು. ಮ್ಯೂಕುನಾ ನೆರಳಲ್ಲೂ ಇರುತ್ತದೆ, ಬೇಸಿಗೆಯನ್ನೂ ತಡೆಯುತ್ತದೆ. ಬಲಿತ ಎಲೆಯನ್ನು ಹಸು ಮೂಸಿ ನೋಡಿ ಬಿಡುತ್ತದೆ. ಹಾಗಾಗಿ "ನಾಲ್ಕು ವರ್ಷ ಕಾದರೆ ತಾನಾಗಿ ಹೋಗುತ್ತದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಿಮ್ಮ ಕೆಲಸದ ವಿಷಯ. ನೀವು ಹದಿನೈದು ದಿನಕ್ಕೊಮ್ಮೆ ಕಡಿಯುತ್ತಿರುವುದು ಬಳ್ಳಿಯ ತುದಿಯನ್ನು. ತುದಿ ಕಡಿದರೆ ಪಕ್ಕದ ಗೆಣ್ಣುಗಳಿಂದ ಎರಡು ಮೂರು ಚಿಗುರು ಹೊರಡುತ್ತದೆ. ಜೊತೆಗೆ ನೆಲ ಮುಟ್ಟಿದ ಗೆಣ್ಣಿನಲ್ಲೆಲ್ಲ ಬೇರು ಬಿಡುತ್ತದೆ. ಬೇಲಿಯ ಈಚೆ ಕಡೆ ಈಗಾಗಲೇ ಬೇರೂರಿದ ಬಳ್ಳಿ ಇದ್ದರೆ ಅದು ನೆರೆಯವರ ಬಳ್ಳಿ ಅಲ್ಲ, ನಿಮ್ಮದೇ ಆಗಿಬಿಟ್ಟಿದೆ. ಅದನ್ನು ಮೊದಲು ತೆಗೆಯಿರಿ. ಕತ್ತಿ ಸಾಲದು, ಪಿಕ್ಕಾಸು ಬೇಕು. ಬಳ್ಳಿ ಹಿಡಿದು ನೆಲದವರೆಗೆ ಹೋಗಿ, ಬೇರಿನ ಗಡ್ಡೆಯಂಥ ದಪ್ಪ ಭಾಗ ಸಿಗುವ ತನಕ ಅಗೆಯಿರಿ. ಮಣ್ಣು ಗಟ್ಟಿಯಾಗಿದ್ದರೆ ಒಂದು ಬೇಸಿಗೆ ಮಳೆ ಬಿದ್ದ ಮರುದಿನ ಮಾಡಿ, ಸುಲಭವಾಗಿ ಬರುತ್ತದೆ.

ಆಮೇಲೆ ಬೇಲಿಯ ಎರಡೂ ಬದಿ ಆರಾರು ಅಡಿ ಬಳ್ಳಿ ಇಲ್ಲದ ಪಟ್ಟಿ ಇರಬೇಕು. ಇದೇ ಮುಖ್ಯ. ಇದಿಲ್ಲದೆ ಬೇರೆ ಏನು ಮಾಡಿದರೂ ಮುಂದಿನ ವರ್ಷ ಇದೇ ಪ್ರಶ್ನೆ ಕೇಳುತ್ತೀರಿ. ಆಚೆ ಬದಿಯ ಆರು ಅಡಿ ನೆರೆಯವರ ಒಪ್ಪಿಗೆಯಿಂದಲೇ ಆಗಬೇಕು. ಮ್ಯೂಕುನಾ ಹಾಕಿದವರು ಎಳೆ ರಬ್ಬರ್ ಗಿಡಕ್ಕೆ ಬಳ್ಳಿ ಸುತ್ತದ ಹಾಗೆ ಬುಡ ಬಿಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಗಿಡ ಬಾಗಿ ಮುರಿಯುತ್ತದೆ. ಅವರ ಕೆಲಸದವರು ಹೇಗೂ ಬರುತ್ತಾರೆ. ಬುಡ ಬಿಡಿಸುವ ದಿನವೇ ಬೇಲಿ ಬದಿಯನ್ನೂ ಒಂದು ಸುತ್ತು ಮಾಡಿಸಿ ಅಂತ ಕೇಳಿ. "ನಿಮ್ಮ ಬಳ್ಳಿ ತೆಗೆಯಿರಿ" ಅನ್ನುವುದಕ್ಕಿಂತ ಇದು ಅವರಿಗೆ ಒಪ್ಪಲು ಸುಲಭ. ಆ ದಿನದ ಅರ್ಧ ಸಂಬಳ ನಾವು ಕೊಡುತ್ತೇವೆ ಅಂದರೂ ನಿಮಗೆ ಲಾಭವೇ. ಬಿಸುವಿಗೆ (ಏಪ್ರಿಲ್ ನಡುವಿನ ತುಳು ಹೊಸವರ್ಷಕ್ಕೆ) ಅವರು ಊರಿಗೆ ಬರುತ್ತಾರಾ ವಿಚಾರಿಸಿ. ಫೋನಿನಲ್ಲಿ ಬೇಡ, ಬೇಲಿಯ ಹತ್ತಿರ ನಿಂತು ಮಾತಾಡಿ. ಬಿದ್ದ ಕಂಬವನ್ನು ಅವರು ಕಣ್ಣಾರೆ ನೋಡಲಿ.

ಪಟ್ಟಿಯನ್ನು ಪೂರ್ತಿ ಕೆತ್ತಿ ಬೋಳು ಮಾಡಬೇಡಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ ನಮ್ಮದು, ಇಳಿಜಾರು ಬೇರೆ. ಹುಲ್ಲು ಇರಲಿ, ತಿಂಗಳಿಗೊಮ್ಮೆ ಮೆಷಿನ್ ಹೊಡೆಯಿರಿ. ಆದರೆ ತಂತಿಯ ಹತ್ತಿರ ಬ್ಲೇಡ್ ಹಾಕಿದ ಮೆಷಿನ್ ತರಲೇಬೇಡಿ. ಬಳ್ಳಿಯೊಳಗೆ ಅಡಗಿದ ಮುಳ್ಳುತಂತಿಗೆ ಬ್ಲೇಡ್ ತಾಗಿ ಕಾಲಿಗೆ ಹಾರಿದ್ದನ್ನು ನಾನು ನೋಡಿದ್ದೇನೆ. ತಂತಿಯ ಎರಡಡಿ ಕೈಕತ್ತಿಯ ಕೆಲಸ.

ಸೋಲಾರ್ ಬೇಲಿಯಲ್ಲಿ ಶಾಕ್ ಹೋದದ್ದಕ್ಕೂ ಬಳ್ಳಿಯೇ ಕಾರಣ. ಮೆಷಿನ್ ಕೆಟ್ಟಿದೆ ಅಂತ ಹೊಸದು ತರಬೇಡಿ. ಎನರ್ಜೈಸರ್, ಅಂದರೆ ತಂತಿಗೆ ಶಾಕ್ ಕೊಡುವ ಆ ಮೆಷಿನ್, ಸೆಕೆಂಡಿಗೆ ಸುಮಾರು ಒಂದು ಸಲ ಚಿಕ್ಕ ಹೊಡೆತ ಕೊಡುತ್ತದೆ. ವೋಲ್ಟೇಜ್ ಜಾಸ್ತಿ, ಆದರೆ ಹೊಡೆತ ಬಹಳ ಚುಟುಕು. ಒಂದು ಹಸಿ ಬಳ್ಳಿ ತಂತಿ ಮುಟ್ಟಿ ನೆಲಕ್ಕೆ ತಾಗಿದರೆ ಸ್ವಲ್ಪ ಸೋರುತ್ತದೆ. ಒದ್ದೆಯಾದ ನೂರು ಬಳ್ಳಿ ತಾಗಿದರೆ ಹೊಡೆತವೆಲ್ಲ ಮಣ್ಣಿಗೇ ಹೋಗುತ್ತದೆ, ಹಂದಿಯ ಮೂತಿಗೆ ಏನೂ ಸಿಗುವುದಿಲ್ಲ. ಬಳ್ಳಿ ಬಿಡಿಸಿದ ಮೇಲೆ ವೋಲ್ಟ್ ಮೀಟರ್ ಹಿಡಿದು ತುದಿಯ ಕಂಬದ ಹತ್ತಿರ ನೋಡಿ. 5,000 ವೋಲ್ಟಿಗಿಂತ ಕೆಳಗಿದ್ದರೆ ನಾನು ಆ ಬೇಲಿ ನಂಬುವುದಿಲ್ಲ. ಕತ್ತಿ ಹಿಡಿಯುವ ಮೊದಲು ಎನರ್ಜೈಸರ್ ಆಫ್ ಮಾಡಿ. ಇನ್ನೊಂದು ಮಾತು, ಕೇಳದೆ ಹೇಳುತ್ತಿದ್ದೇನೆ: ಶಾಕ್ ಸಾಲದು ಅಂತ ಮನೆಯ ಕರೆಂಟನ್ನು ಬೇಲಿಗೆ ಕೊಡುವವರಿದ್ದಾರೆ. ಅದು ಅಪರಾಧ, ಜೀವ ಹೋಗುತ್ತದೆ. ಹಂದಿಯದ್ದು ಮಾತ್ರ ಅಲ್ಲ.

ಮರಕ್ಕೆ ಏರಿದ ಬಳ್ಳಿಯನ್ನು ಎಳೆಯಬೇಡಿ. ಸಿಂಗಾರ (ಅಡಿಕೆಯ ಹೂಗೊನೆ), ಎಳೆ ಸೋಗೆ ಎಲ್ಲ ಹರಿದು ಬರುತ್ತದೆ. ಬುಡದಲ್ಲಿ ಒಂದು ಸಲ, ಎದೆ ಎತ್ತರದಲ್ಲಿ ಒಂದು ಸಲ ಕಡಿದು ನಡುವಿನ ತುಂಡು ತೆಗೆಯಿರಿ. ಮೇಲಿನದು ಒಣಗಲಿ. ಈ ಬಿಸಿಲಿಗೆ ಬೇಗ ಒಣಗುತ್ತದೆ, ಹಾಳೆ ಬೀಳುವಾಗ ಜೊತೆಗೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಮೊದಲ ಬೋರ್ಡೋ ಹೊತ್ತಿಗೆ ಮರ ಹತ್ತುವ ಹಾಗೆ ಆಗಬೇಕು, ಆದ್ದರಿಂದ ಇದನ್ನು ಇದೇ ವಾರ ಮಾಡಿ.

ಕಳೆನಾಶಕ ಬೇಡ. ನಿಮ್ಮ ಮನಸ್ಸು ಹೇಳಿದ್ದೇ ಸರಿ. ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. 2,4-ಡಿ ಹೊಡೆದರೆ ಗಾಳಿಗೆ ಹಾರಿ ನಿಮ್ಮ ಕಾಳುಮೆಣಸಿನ ಬಳ್ಳಿ ಮುರುಟುತ್ತದೆ, ಅವರ ರಬ್ಬರ್ ಚಿಗುರೂ ಮುರುಟುತ್ತದೆ. ಅಲ್ಲಿಗೆ ನ್ಯಾಯ ನಿಮ್ಮ ಕಡೆ ಇದ್ದದ್ದು ಅವರ ಕಡೆಗೆ ಹೋಯಿತು, ಅಲ್ವಾ?

ಸದಸ್ಯರು (ಪುತ್ತೂರು)

ಅಕ್ಕಾ, ನಮ್ಮಲ್ಲಿ ಒಬ್ಬರು ಬೇರಿಗೆ ಕಲ್ಲುಪ್ಪು ಸುರಿದು ಸಾಯಿಸಿದರು. ಖರ್ಚೂ ಕಡಿಮೆ. ರಾತ್ರಿ ಹೋಗಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಉತ್ತರ (ತೋಟಗಾರಿಕೆ ಸಲಹೆಗಾರರು)

ದಯವಿಟ್ಟು ಬೇಡ ಮಾರಾಯ್ರೆ. ಗುಡ್ಡದ ಮೇಲೆ ಸುರಿದ ಉಪ್ಪು ಮೊದಲ ಮಳೆಗೆ ಇಳಿಯುವುದು ಇವರದೇ ಅಡಿಕೆ ಬುಡಕ್ಕೆ, ಇವರದೇ ಬಾವಿಗೆ. ಡೀಸೆಲ್ ಸುರಿಯುವುದೂ ಹಾಗೆಯೇ. ಮತ್ತೆ ರಾತ್ರಿ ಇನ್ನೊಬ್ಬರ ಜಾಗಕ್ಕೆ ಹೋಗುವ ಸಲಹೆಯನ್ನು ಈ ಗುಂಪಿನಲ್ಲಿ ಯಾರಿಗೂ ಕೊಡಬೇಡಿ.

ಪ್ರಶ್ನೆ (ಸುಳ್ಯ)

ತುಂಬಾ ಉಪಕಾರ ಸರ್. ಕಡಿದ ಬಳ್ಳಿ ರಾಶಿ ರಾಶಿ ಇದೆ. ಏನು ಮಾಡಲಿ? ಸಿಟ್ಟಿಗೆ ಆಚೆ ಎಸೆಯೋಣ ಅಂತ ಮನೆಯವರು. ಇನ್ನೊಂದು, ಅವರು ಒಪ್ಪದೇ ಇದ್ದರೆ ಕಾನೂನಿನಲ್ಲಿ ಏನಿದೆ? ಬೇಲಿ ನಮ್ಮ ಗಡಿಯಲ್ಲೇ ಇದೆಯಾ ಅನ್ನುವುದೂ ಸರಿಯಾಗಿ ಗೊತ್ತಿಲ್ಲ. ಮಾವನವರ ಕಾಲದ್ದು.

ಉತ್ತರ (ತೋಟಗಾರಿಕೆ ಸಲಹೆಗಾರರು)

ಎಸೆಯಬೇಡಿ. ಎಸೆದ ತುಂಡು ಅಲ್ಲೇ ಬೇರು ಬಿಟ್ಟು ತಿರುಗಿ ಬರುತ್ತದೆ. ಅದು ಒಳ್ಳೆಯ ಸೊಪ್ಪು, ಬಿಡಬೇಡಿ. ಅಂಗಳದಲ್ಲೋ ಪಾರೆ ಕಲ್ಲಿನ ಮೇಲೋ ಹರಡಿ. ಗೆಣ್ಣು ಮುರಿದರೆ ಲಟ್ ಅನ್ನುವಷ್ಟು ಒಣಗಲಿ. ಆಮೇಲೆ ಹಟ್ಟಿಗೆ ಹಾಕಿ, ಗೊಬ್ಬರವಾಗಿ ಅಡಿಕೆ ಬುಡಕ್ಕೆ ಬರಲಿ. ಹಸಿಯಾಗಿ ಬುಡಕ್ಕೆ ಹಾಕಿದರೆ ನೀವೇ ನೆಟ್ಟ ಹಾಗೆ. ಕಾನೂನನ್ನು ನಮ್ಮ ವಕೀಲ ಸದಸ್ಯರು ಹೇಳಲಿ.

ಉತ್ತರ (ವಕೀಲರು, ಮಂಗಳೂರು)

ಗಡಿಯಿಂದಲೇ ಶುರು ಮಾಡೋಣ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಿ. ಸರ್ವೆಯವರು ನೆರೆಯವರಿಗೂ ನೋಟಿಸ್ ಕೊಟ್ಟು, ಇಬ್ಬರ ಎದುರೇ ಅಳೆದು ಗಡಿ ಗುರುತಿಸುತ್ತಾರೆ. ಅರ್ಜಿ ಕೊಡುವ ಮೊದಲು ನೆರೆಯವರಿಗೆ ಒಂದು ಮಾತು ಹೇಳಿ. ನೋಟಿಸ್ ನೋಡಿಯೇ ಗೊತ್ತಾದರೆ ಮನಸ್ಸು ಕೆಡುತ್ತದೆ.

ನಿಮ್ಮ ಗಡಿ ದಾಟಿ ಬಂದ ಕೊಂಬೆ, ಬೇರು, ಬಳ್ಳಿಯನ್ನು ನಿಮ್ಮ ಜಾಗದಲ್ಲೇ ನಿಂತು ಗಡಿಯವರೆಗೆ ಕಡಿಯಲು ನಿಮಗೆ ಹಕ್ಕಿದೆ. ಆಚೆ ಕಾಲಿಡದೆ ಕಡಿಯುವುದಾದರೆ ಮೊದಲೇ ನೋಟಿಸ್ ಕೊಡಬೇಕಾಗಿಲ್ಲ ಅಂತ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1894ರಲ್ಲೇ ತೀರ್ಮಾನ ಕೊಟ್ಟಿದೆ. ನಮ್ಮಲ್ಲೂ ಅದೇ ತತ್ವ ನಡೆದು ಬಂದಿದೆ. ಬಳ್ಳಿ ಎಷ್ಟೋ ವರ್ಷದಿಂದ ಹೀಗೇ ಬಂದಿದೆ ಅನ್ನುವ ಕಾರಣಕ್ಕೆ ನಿಮ್ಮ ಈ ಹಕ್ಕು ಹೋಗುವುದಿಲ್ಲ. ಆದರೆ ಬೇಲಿ ದಾಟಿ ಅವರ ಜಾಗದಲ್ಲಿ ಕಡಿದರೆ ಅದು ಅತಿಕ್ರಮಣ.

ಮಾತಿಗೆ ಬಗ್ಗದಿದ್ದರೆ ಬಿದ್ದ ಕಂಬ, ಹಾಳಾದ ಬಾಳೆ, ಮರ ಏರಿದ ಬಳ್ಳಿ, ಎಲ್ಲದರ ತಾರೀಕು ಕಾಣುವ ಫೋಟೋ ಇಟ್ಟುಕೊಳ್ಳಿ. ರಿಪೇರಿಯ ರಶೀದಿಯೂ ಇರಲಿ. ನಂತರ ಸ್ಪೀಡ್ ಪೋಸ್ಟಿನಲ್ಲಿ ಒಂದು ಸೌಮ್ಯವಾದ ಪತ್ರ. ಅದಕ್ಕೂ ಆಗದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಲೋಕ್ ಅದಾಲತ್‌ನಲ್ಲಿ ಒಪ್ಪಂದ ಆದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಸಿವಿಲ್ ದಾವೆ, ತಡೆಯಾಜ್ಞೆ ಎಲ್ಲ ಕೊನೆಗೆ. ಒಂದು ಬಳ್ಳಿಗಾಗಿ ವರ್ಷಗಟ್ಟಲೆ ಕೋರ್ಟು ಹತ್ತಿದವರನ್ನು ನೋಡಿದ್ದೇನೆ. ಅಷ್ಟರಲ್ಲಿ ಬೇಲಿ ಮಣ್ಣಾಗಿತ್ತು.

ಸದಸ್ಯೆ (ಮೈಸೂರು)

ಸರ್, ನಮ್ಮದು ಸಣ್ಣ ಸೈಟು, ಜಾಲರಿ ಬೇಲಿ. ಪಕ್ಕದ ಮನೆಯವರ ಕಾಗದದ ಹೂವಿನ ಬಳ್ಳಿ ಅದರ ಮೇಲೆ ಒರಗಿ ಜಾಲರಿ ಹೊಟ್ಟೆ ಬಿಟ್ಟಿದೆ. ಇದಕ್ಕೂ ಬೇರು ತೆಗೆಯಬೇಕಾ?

ಉತ್ತರ (ತೋಟಗಾರಿಕೆ ಸಲಹೆಗಾರರು)

ಬೇಡ. ಕಾಗದದ ಹೂವು ಮ್ಯೂಕುನಾದ ಹಾಗೆ ಸುತ್ತಿಕೊಳ್ಳುವುದಿಲ್ಲ, ಮುಳ್ಳು ಸಿಕ್ಕಿಸಿ ಒರಗುತ್ತದೆ. ಅದಕ್ಕೆ ಒರಗಲು ಬೇರೆ ಜಾಗ ಕೊಟ್ಟರೆ ಮುಗಿಯಿತು. ಅವರ ಕಡೆ, ಬೇಲಿಯಿಂದ ಒಂದೂವರೆ ಅಡಿ ದೂರದಲ್ಲಿ ಕಬ್ಬಿಣದ ಪೈಪಿನ ಚೌಕಟ್ಟು ನಿಲ್ಲಿಸಿ ಅದಕ್ಕೆ ಕಟ್ಟಲು ಹೇಳಿ. ಒಂದು ಸುತ್ತು ಹೂ ಮುಗಿದ ಮೇಲೆ ಗಟ್ಟಿಯಾಗಿ ಸವರಲಿ. ಹೊಸ ಚಿಗುರಿನಲ್ಲೇ ಹೂ ಬರುವುದರಿಂದ ಅವರಿಗೆ ಹೂವೂ ಜಾಸ್ತಿ.

ಸುಳ್ಯದಿಂದ ಮತ್ತೆ (ಜೂನ್ ಕೊನೆ)

ಸರ್, ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ. ನೆರೆಯವರು ಬಿಸುವಿಗೆ ಬಂದಿದ್ದರು. ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಕಂಬ ತೋರಿಸಿದೆವು. ಇಷ್ಟಾಗಿದೆ ಅಂತ ಗೊತ್ತೇ ಇರಲಿಲ್ಲ ಅಂದರು. ಬುಡ ಬಿಡಿಸುವ ದಿನ ಬೇಲಿ ಬದಿಯನ್ನೂ ಮಾಡಿಸುತ್ತಿದ್ದಾರೆ, ಅರ್ಧ ಸಂಬಳ ನಮ್ಮದು. ಒಂದು ಕಂಬದ ದುಡ್ಡು ಅವರೇ ಕೊಟ್ಟರು. ತುದಿಯ ಕಂಬದಲ್ಲಿ 1,800 ಇದ್ದ ವೋಲ್ಟೇಜ್ ಈಗ 6,200 ತೋರಿಸುತ್ತದೆ. ಎಂಟರಲ್ಲಿ ಏಳು ಮರಕ್ಕೆ ಬೋರ್ಡೋ ಆಯಿತು. ಒಂದು ಮರದ ಸುಳಿ ಹೋಗಿದೆ, ಉಳಿಯಲಿಕ್ಕಿಲ್ಲ.

ತೋಡಿನ ಬದಿಯ ಮೂವತ್ತು ಅಡಿ ಮಾತ್ರ ಮಾಡಲಾಗಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು. ಈಗ ದರೆ (ತೋಡಿನ ಬದಿಯ ಮಣ್ಣಿನ ಗೋಡೆ) ಅಗೆದರೆ ಕುಸಿಯುತ್ತದಾ?

ಉತ್ತರ (ತೋಟಗಾರಿಕೆ ಸಲಹೆಗಾರರು)

ಓದಿ ಖುಷಿಯಾಯಿತು ಅಮ್ಮ. ಹೌದು, ಕುಸಿಯುತ್ತದೆ. ಈಗ ಪಿಕ್ಕಾಸು ಹಾಕಬೇಡಿ. ಸದ್ಯ ಆ ಬೇರೇ ದರೆಯನ್ನು ಹಿಡಿದಿದೆ. ಮಳೆ ಬಿಟ್ಟ ಹೊತ್ತಿನಲ್ಲಿ ಬೇಲಿ ಕಡೆಗೆ ಬಂದ ತುದಿಗಳನ್ನು ಮಾತ್ರ ಕತ್ತಿಯಿಂದ ಕಡಿಯಿರಿ. ಕಡಿದ ತುಂಡು ಒಂದೂ ತೋಡಿಗೆ ಬೀಳಬಾರದು. ನೀರಿನಲ್ಲಿ ಹೋಗಿ ಕೆಳಗಿನ ತೋಟದವರ ದಂಡೆಯಲ್ಲಿ ಬೇರು ಬಿಡುತ್ತದೆ. ದರೆಯ ಮೇಲಂಚಿನಲ್ಲಿ ಈಗಲೇ ಅರ್ಧ ಅಡಿಗೊಂದರಂತೆ ಲಾವಂಚದ ಹಿಳ್ಳು ನೆಡಿ, ಈ ಮಳೆಗೆ ಚೆನ್ನಾಗಿ ಹಿಡಿಯುತ್ತದೆ. ಅದು ಬೇರು ಇಳಿಸಿದ ಮೇಲೆ, ದೀಪಾವಳಿ ಕಳೆದು, ಮ್ಯೂಕುನಾದ ಗಡ್ಡೆಯನ್ನು ಒಂದೊಂದೇ ತೆಗೆಯಬಹುದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ಫೋಟೋ ಹಾಕಿ, ನೋಡುತ್ತೇನೆ.