ನಾಡದೋಣಿಗೆ ಕಡಿಮೆ ಖರ್ಚಿನಲ್ಲಿ ದಾರಿ ತೋರುವ ಉಪಕರಣ

ಪ್ರಶ್ನೆ: ಗಂಗೊಳ್ಳಿಯಲ್ಲಿ ನಮ್ಮದೊಂದು ಔಟ್‌ಬೋರ್ಡ್ ಎಂಜಿನ್ನಿನ ನಾಡದೋಣಿಯಿದೆ. ಕಡಲ ನಕ್ಷೆಯ ಮೇಲೆ ದೋಣಿಯ ಸ್ಥಾನ ತೋರಿಸುವ ಅಂಗಡಿಯ ಚಾರ್ಟ್‌ಪ್ಲಾಟರ್ ದುಬಾರಿಯಾದ್ದರಿಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಜಿಪಿಎಸ್ ಮಾಡ್ಯೂಲ್ ಬಳಸಿ ಮನೆಯಲ್ಲೇ ಒಂದನ್ನು ಜೋಡಿಸಬೇಕೆಂದಿದ್ದೇನೆ. ಮಳೆಗಾಲದ ಮಬ್ಬಿನಲ್ಲಿ, ನದಿ ಕಡಲು ಸೇರುವ ಅಳಿವೆ ಬಾಗಿಲಿಗೆ ಮರಳಲು ಇದು ನೆರವಾದೀತೇ?

ಉತ್ತರ 1: ಓಪನ್‌ಸಿಪಿಎನ್ ಎಂಬ ಉಚಿತ ಕಡಲ ನಕ್ಷೆ ತಂತ್ರಾಂಶ ಪೈ ಮೇಲೆ ಓಡುತ್ತದೆ. ನಿಯೊ-6ಎಂ ಎಂಬ ಜಿಪಿಎಸ್ ಮಾಡ್ಯೂಲ್ ಸ್ಥಾನದ ಮಾಹಿತಿಯನ್ನು ದೋಣಿ ಉಪಕರಣಗಳು ಬಳಸುವ ಎನ್‌ಎಂಇಎ 0183 ರೂಪದಲ್ಲಿ, ಸಾಮಾನ್ಯವಾಗಿ 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಕಳುಹಿಸುವುದರಿಂದ ಜೋಡಣೆ ಕಷ್ಟವಲ್ಲ. ತೊಡಕಿರುವುದು ವಿದ್ಯುತ್ತಿನಲ್ಲಿ. 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ಕೊಡದೆ, ನಡುವೆ ಫ್ಯೂಸನ್ನೂ 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರನ್ನೂ ಹಾಕಿ. ಸೆಲ್ಫ್ ಸ್ಟಾರ್ಟ್ ಎಂಜಿನ್ನಾದರೆ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು, ಪೈ ಆರಿ, ಮೆಮೊರಿ ಕಾರ್ಡ್ ಕೆಡುವುದುಂಟು.

ಉತ್ತರ 2: ಅಳಿವೆಯ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಅಲ್ಲಿನ ಮರಳ ದಿಬ್ಬಗಳು ಜಾಗ ಬದಲಿಸುತ್ತಿರುವುದರಿಂದ ನಕ್ಷೆಯ ಆಳವನ್ನು ನಂಬುವಂತಿಲ್ಲ. ಶಾಂತ ಹಗಲಿನಲ್ಲಿ ಭರತದ ವೇಳೆ ನೀವೇ ದಾಟಿದ ಜಾಡನ್ನು ದಾಖಲಿಸಿಕೊಂಡರೆ ಅದೇ ಹೆಚ್ಚು ಉಪಯುಕ್ತ. ಆದರೂ ಜಿಪಿಎಸ್ ಕೆಲವು ಮೀಟರ್ ತಪ್ಪಬಲ್ಲದು, ತೆರೆ ಒಡೆಯುವ ಜಾಗದಲ್ಲಿ ಅಪಾಯಕ್ಕೆ ಅಷ್ಟು ತಪ್ಪೇ ಸಾಕು.

ಪ್ರಶ್ನಿಸಿದವರು: ಹಾಗಾದರೆ ಕಂಪಾಸ್ ಕೂಡ ಬೇಕೇ?

ಉತ್ತರ 1: ಖಂಡಿತ ಬೇಕು. ದೋಣಿ ನಿಂತಾಗ ಅದರ ಮುಂಭಾಗ ಯಾವ ದಿಕ್ಕಿಗಿದೆಯೆಂದು ಒಂದೇ ಆಂಟೆನಾದ ಜಿಪಿಎಸ್ ಹೇಳಲಾರದು. ಸಾದಾ ಕಂಪಾಸನ್ನು ಎಂಜಿನ್, ಸ್ಪೀಕರ್ ಮತ್ತು ಕಬ್ಬಿಣದ ಲಂಗರಿನಿಂದ ದೂರವಿಡಿ.